ಟಿವಿಯೊಳಗ ನಾನು ಆರಾಮ ಇದ್ದೆ

ಆ ಡಾಕ್ಟರರ ಎಡಗೈ ನಡುಬೆರಳಿನ ಮ್ಯಾಲ ಒಂದು ಗಂಟು ಇತ್ತು. ಉಳಿದ ಬೆರಳೆಲ್ಲ ತೆಳ್ಳಗ, ಬೆಳ್ಳಗ, ಪೇಟಿ ಬಾರಿಸುವವರ ಬೆರಳಿನಂಗ. ಅದೊಂದು ಮಾತ್ರ ಉಗುರಿನ ಹಿಂದ ದಪ್ಪಾಗಿ, ತೊಗಲು ಒರಟಾಗಿ, ಹೊಲದಾಗ ದುಡಿಯುವವನ ಬೆರಳಾಗಿತ್ತು. ಆ ಬೆರಳನ್ನ ನಮ್ಮ ಬೆನ್ನಿನ ಮ್ಯಾಲ ಊರಿ, ಬಲಗೈ ಬೆರಳಿನಿಂದ ಅದರ ಮ್ಯಾಲ ಟಕ್ ಟಕ್ ಅಂತ ಬಡಿದು ಕೇಳತಿದ್ದರು. ಸಂತ್ಯಾಗ ಗಡಿಗಿ ಕೊಳ್ಳುವಾಗ ನಾವು ಬಡಿದು ನೋಡತೇವಲ್ಲ, ಹಂಗ. ಮೊದಲ ಸಲ ಅವರ ಮುಂದ ಕೂತಾಗ ನಾನು ನನ್ನ ಎದಿ ಮರತು ಆ ಬೆರಳನ್ನ ನೋಡತಾ ಕೂತಿದ್ದೆ.

"ಏನ್ ನೋಡತಿ ತಂಗೆವ್ವ?" ಅಂದರು.

"ನಿಮ್ಮ ಬೆರಳಿಗೆ ಏನಾಗೇತ್ರಿ?" ಅಂದೆ.

ಸುತ್ತಲ ನಿಂತಿದ್ದ, ಡಾಕ್ಟರಕಿ ಕಲಿಯುವ ಹುಡುಗರು ನಕ್ಕರು. ಅವರು ನಗಲಿಲ್ಲ. ಬಾರಿಸಿ ಬಾರಿಸಿ ಹಂಗಾಗೇತಿ, ನಿನ್ನ ಕೈ ತೋರಿಸು ಅಂದರು. ನನ್ನ ಕೈ ತುಂಬ ಗೀರು. ನಮ್ಮೂರು ಹೊರ್ತಿ, ನಿಂಬಿ ತೋಟದ ಮನಿ. ನಿಂಬಿ ಮುಳ್ಳು ಯಾರನ್ನೂ ಬಿಡೂದಿಲ್ಲ. ಮುಳ್ಳು ಚುಚ್ಚದಂಗ ಕಾಯಿ ಹರಿಯೂದು ಹ್ಯಾಂಗ ಅಂತ ಕೇಳಿದರು. ಉದ್ದನ ಗಳಕ್ಕ ಕೊಕ್ಕಿ ಕಟ್ಟಿ ಎಳೀತೇವಿ ಅಂದೆ. ಹಂಗ ಎಳೆದರ ಕಾಯಿ ನೆಲಕ್ಕ ಬಿದ್ದು ಒಡೆಯೂದಿಲ್ಲೇನು? ಕೊಕ್ಕಿ ಕೆಳಗ ಸಣ್ಣ ಜಾಳಗಿ ಇರತೈತ್ರಿ. ಮಾರಾಕ ಎಲ್ಲಿಗೆ ಒಯ್ಯತೀರಿ? ಯಾರು ಹೊರತಾರ? ನಾನು ಹೇಳತಾ ಹೋದೆ. ಈ ಡಾಕ್ಟರಿಗೆ ನಿಂಬಿ ತೋಟ ಮಾಡುವ ವಿಚಾರ ಇರಬೇಕು ಅಂತ ತಿಳಕೊಂಡಿದ್ದೆ. ಎಷ್ಟೋ ತಿಂಗಳ ಮ್ಯಾಲೆ ಗೊತ್ತಾಯಿತು, ಅವರು ನಿಂಬಿಕಾಯಿ ಸುದ್ದಿ ಕೇಳತಾ ನನ್ನ ದಮ್ಮು ನೋಡತಿದ್ದರು. ಎಷ್ಟು ಮಾತು ಆಡಿದ ಮ್ಯಾಲೆ ಈಕಿ ಉಸಿರಿಗೆ ನಿಲ್ಲತಾಳ, ಎಲ್ಲಿ ಮಾತು ತುಂಡಾಗತೈತಿ. ಹಂಗಂತ ನಿಂಬಿ ಸುದ್ದಿ ಸುಳ್ಳಲ್ಲ. ಮುಂದಿನ ಸಲ ಬಂದಾಗ ಜಾಳಗಿ ನೂಲಿಂದೋ ತಂತೀದೋ ಅಂತ ಮರಿಯದ ಕೇಳಿದರು. ಎರಡೂ ಕೂಡೇ ನಡೀತಿತ್ತು ಆ ಮನುಷ್ಯಾಗ.

ಅವರ ಹೆಸರು ಇಲ್ಲಿ ಬರಿಯೂದಿಲ್ಲ. ನಾವ್ಯಾರೂ ಅವರನ್ನ ಹೆಸರು ಹಿಡಿದು ಕರೀತಿರಲಿಲ್ಲ, ದೊಡ್ಡ ಡಾಕ್ಟರು ಅಂತಿದ್ದೆವು. ಆಳು ದೊಡ್ಡವರಲ್ಲ; ನಮ್ಮ ಮನಿಯವರ ಭುಜದ ತನಕ ಬರತಿದ್ದರು. ಡಾಕ್ಟರಕಿ ಕಲಿಸುವ ಕಾಲೇಜಿನಾಗ ಮಾಸ್ತರರು. ವಾರದಾಗ ಒಂದು ದಿನ ಇಂಡಿ, ಒಂದು ದಿನ ಸಿಂದಗಿ, ಒಂದು ದಿನ ಮುದ್ದೇಬಿಹಾಳ, ಒಂದು ದಿನ ಬಸವನ ಬಾಗೇವಾಡಿ, ಹಿಂಗ ಊರೂರಿನ ದವಾಖಾನಿಗೆ ಹುಡುಗರನ್ನ ವ್ಯಾನಿನಾಗ ತುಂಬಿಕೊಂಡು ಬಂದು, ರೋಗಿಗಳನ್ನ ನೋಡತಾ ನೋಡತಾ ಅವರಿಗೆ ಪಾಠ ಹೇಳತಿದ್ದರು. ಮನಿಯಾಗ ಹೆಂಡತಿ ಕೂಡ ಮರಾಠಿ, ಹುಡುಗರ ಕೂಡ ಇಂಗ್ಲಿಷ್, ನಮ್ಮ ಕೂಡ ಕನ್ನಡ. ಏನರೇ ತಿಳಿಯದಿದ್ದರ ಮಾತ್ರ ತಮ್ಮಷ್ಟಕ್ಕ ತಾವು "ಬಘೂ" ಅಂತಿದ್ದರು. ನೋಡೋಣು ಅಂತ ಅದರ ಅರ್ಥ. ಆ ಮಾತು ಅವರ ಬಾಯಾಗ ಎಷ್ಟು ಬರತಿತ್ತಂದರ, ಇಷ್ಟು ದೊಡ್ಡ ಡಾಕ್ಟರಿಗೆ ಇಷ್ಟೊಂದು ತಿಳಿಯೂದಿಲ್ಲೇನು ಅಂತ ಮೊದಮೊದಲು ನನಗ ಸಂಶಯ ಬಂದಿತ್ತು.

ನನ್ನ ರೋಗ ಏನಂದರ, ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರ ಬಂದಿದ್ದವು. ಜ್ವರ ಹೋದವು, ಹೋಗುವಾಗ ಎದಿಯೊಳಗಿನ ಒಂದು ಬಾಗಿಲನ್ನ ಕೆಡಿಸಿ ಹೋದವು. ರಕ್ತ ಒಂದು ಕೋಣಿಯಿಂದ ಇನ್ನೊಂದು ಕೋಣಿಗೆ ಹೋಗುವ ಬಾಗಿಲಂತ ಅದು. ಬರಬರತಾ ಬಿಗಿಯಾಗಿ, ಪೂರಾ ತೆರಿಯದಂಗ ಆಗಿತ್ತು. ಮೂರು ಹಡೆಯುವ ತನಕ ನನಗ ಗೊತ್ತ ಆಗಲಿಲ್ಲ. ಆಮ್ಯಾಲೆ ಕೊಡ ಹೊತ್ತು ಬಂದರ ದಮ್ಮು, ಏರು ಹತ್ತಿದರ ದಮ್ಮು. ಸಣ್ಣ ಮಗಳು ಸಾಲಿಗೆ ಹೋಗಾಕ ಹತ್ತಿದ ವರ್ಷ ಇಂಡಿ ದವಾಖಾನಿಗೆ ಹೋದೆ. ಅವತ್ತು ದೊಡ್ಡ ಡಾಕ್ಟರರ ವ್ಯಾನು ಬರುವ ದಿನ ಇತ್ತು. ಅಷ್ಟ ನನ್ನ ದೈವ.

ಗುಳಿಗಿ ಕೊಟ್ಟರು, ಮೂರು ವಾರಕ್ಕೊಮ್ಮೆ ಸೂಜಿ ಹಚ್ಚಿದರು. ನನ್ನ ಎದಿ ಹುಡುಗರಿಗೆ ಪಾಠವಾಯಿತು. ಕಲಿಯುವವರಿಗೆ ಅದು ಒಳ್ಳೆ ಎದಿಯಂತ, ಕೇಳುವಂಥದ್ದು ಭಾಳ ಇತ್ತಂತ. ನಾನು ಹೋದಾಗೊಮ್ಮೆ ಹೊಸಾ ಹುಡುಗರು ಮಂಚದ ಸುತ್ತ ನಿಲ್ಲತಿದ್ದರು. ದೊಡ್ಡ ಡಾಕ್ಟರು ಮೊದಲ ನನ್ನ ಕೇಳತಿದ್ದರು, ಹುಡುಗರು ನೋಡಲೇನು ತಂಗೆವ್ವ ಅಂತ. ಎಲ್ಲರ ಮುಂದ ಕೇಳತಾರ, ಬ್ಯಾಡ ಅಂದರ ಏನ್ ಮಾಡತಾರ ನೋಡೋಣು ಅಂತ ಒಂದು ದಿನ ಬ್ಯಾಡ ಅಂದೆ. ಆಯಿತವಾ ಅಂದು ಹುಡುಗರನ್ನ ಕರಕೊಂಡು ಮುಂದಿನ ಮಂಚಕ್ಕ ಹೋದರು. ಮುಖ ಹುಳ್ಳಗ ಮಾಡಲಿಲ್ಲ, ಸೂಜಿ ತಪ್ಪಿಸಲಿಲ್ಲ. ಮುಂದ ನಾನು ಬ್ಯಾಡ ಅನ್ನಲಿಲ್ಲ.

ಚಳಿಗಾಲದಾಗ ಒಬ್ಬ ಉದ್ದನ ಹುಡುಗ ಥಂಡಿ ಕೈ ತಂದು ನನ್ನ ಪಕ್ಕಿಗೆ ಇಟ್ಟ. ನಾನು ಚಟ್ ಅಂತ ಆ ಕೈಗೆ ಒಂದು ಕೊಟ್ಟೆ. ಹುಡುಗ ಕೆಂಪಾದ. ದೊಡ್ಡ ಡಾಕ್ಟರು ಅವನಿಗೆ, ಇದು ಇವತ್ತಿನ ಮೊದಲ ಪಾಠ, ಹೊರಗ ಹೋಗಿ ಬಿಸಿಲಾಗ ಕೈ ಹಿಡಿದು ನಿಲ್ಲು ಅಂದರು. ಹುಡುಗ ದವಾಖಾನಿ ಅಂಗಳದಾಗ ಎರಡೂ ಕೈ ಚಾಚಿ ನಿಂತ, ಹೋಗಿ ಬರುವವರು ಏನೋ ಬೇಡಾಕತ್ತಾನ ಅಂತ ನೋಡತಿದ್ದರು.

ಅವನು ಹೊರಗ ಇದ್ದಾಗ ದೊಡ್ಡ ಡಾಕ್ಟರು ತಮ್ಮ ನಳಗಿ ತೆಗೆದು ನನ್ನ ಕಿವಿಗೆ ಹಾಕಿದರು. ಇನ್ನೊಂದು ತುದಿ ನನ್ನ ಎದಿ ಮ್ಯಾಲ ಇಟ್ಟರು. ನೀನರೇ ಕೇಳು ಅಂದರು. ಕೇಳಿದೆ. ಮೊದಲು ಢಬ್ ಅಂತಿತ್ತು, ಹಿಂದೆಲೆ ಬೀಸುಕಲ್ಲು ಮೆಲ್ಲಗ ತಿರುಗಿದಂಗ ಗರ್ ಅಂತಿತ್ತು. ಇದು ನನ್ನದೇನ್ರಿ ಅಂದೆ. ನಿನ್ನದ ಅಂದರು. ಹಂಗಾದರ ನಿಮ್ಮದು ಹ್ಯಾಂಗ ಅಂತೈತಿ ಅಂದೆ. ಹುಡುಗರು ಬಾಯಿ ಮುಚ್ಚಿಕೊಂಡರು. ಆ ಮನುಷ್ಯ ಅಂಗಿ ಗುಂಡಿ ಬಿಚ್ಚಿ ನಳಗಿ ತಮ್ಮ ಎದಿ ಮ್ಯಾಲ ಇಟ್ಟುಕೊಂಡು ನನಗ ಕೇಳಿಸಿದರು. ಅಲ್ಲಿ ಬೀಸುಕಲ್ಲು ಇರಲಿಲ್ಲ. ಬರೇ ಲಬ್ ಡಬ್. ನನಗ ಅಂಜಿಕಿ ಬರಲಿಲ್ಲ, ಒಂದು ನಮೂನಿ ಸಮಾಧಾನ ಆಯಿತು. ನನ್ನ ರೋಗ ನನ್ನ ಕಿವಿಗೆ ಸಿಕ್ಕಿತ್ತು.

ಹಿಂಗ ಏಳೆಂಟು ವರ್ಷ ನಡೀತು. ಆಮ್ಯಾಲೆ ದವಾಖಾನಿ ಮಾಳಗಿ ಮ್ಯಾಲ ಒಂದು ದೊಡ್ಡ ತಾಟು ಬಂದು ಕೂತಿತು, ಮುಗಿಲ ಕಡೆ ಮಾರಿ ಮಾಡಿ. ಒಳಗ ಒಂದು ಖೋಲಿಗೆ ಥಂಡಿ ಮಷೀನು ಹಾಕಿ, ದೊಡ್ಡ ಟಿವಿ, ಕ್ಯಾಮೆರಾ ಇಟ್ಟರು. ಬೆಂಗಳೂರಾಗಿನ ದೊಡ್ಡ ದೊಡ್ಡ ಡಾಕ್ಟರು ಅಲ್ಲೇ ಕೂತು ಇಲ್ಲಿಯ ಹುಡುಗರಿಗೆ ಪಾಠ ಹೇಳತಾರ, ಇಲ್ಲಿಯ ರೋಗಿ ಅಲ್ಲಿಯ ಹುಡುಗರಿಗೆ ಕಾಣತಾರ ಅಂತ ಸುದ್ದಿ. ವ್ಯಾನಿನ ಡ್ರೈವರ್ ನನ್ನ ಮುಂದ ಗೊಣಗಿದ, ಇನ್ನ ಮ್ಯಾಲೆ ಊರೂರು ತಿರುಗೂದು ಬಂದ್ ಆಗತೈತ್ರಿ ಅಂತ. ದೊಡ್ಡ ಡಾಕ್ಟರಿಗೆ ಸಿಟ್ಟು ಬಂದಿರಬೇಕು ಅಂತ ನಾನು ತಿಳಕೊಂಡಿದ್ದೆ. ನೋಡಿದರ ಆ ಖೋಲಿಯೊಳಗ ಕ್ಯಾಮೆರಾದ ಹಿಂದ ಬಗ್ಗಿ, ವೈರು ಎಲ್ಲಿಂದ ಎಲ್ಲಿಗೆ ಹೋಗತಾವ ಅಂತ ಮೆಕ್ಯಾನಿಕ್‌ನ ಪ್ರಾಣ ತಿನ್ನಾಕತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು. ಮುದುಕಗ ಹೊಸ ಆಟಗಿ ಸಿಕ್ಕಂಗಾಗಿತ್ತು.

ಇದು ಚಲೋನೋ ಕೆಟ್ಟದ್ದೋ ಅಂತ ನಾನು ನೆಟ್ಟಗ ಕೇಳಿದೆ. ಅವರ ಉತ್ತರ ಇಷ್ಟ: ಒಂದು ಮಂಚದ ಸುತ್ತ ಹತ್ತು ಹುಡುಗರು ನಿಂತರ ಹನ್ನೊಂದನೆಯವನಿಗೆ ಕಾಣೂದಿಲ್ಲ, ಟಿವಿಯೊಳಗ ನೂರು ಮಂದಿಗೆ ಕಾಣತೈತಿ, ಆದರ ಏನ್ ಕಾಣತೈತಿ ಅಂತ ನನಗ ಇನ್ನೂ ಗೊತ್ತಿಲ್ಲ, ಬಘೂ. ಅರ್ಧ ಹುಡುಗರನ್ನ ಟಿವಿ ಖೋಲಿಯಾಗ, ಅರ್ಧ ಹುಡುಗರನ್ನ ಮಂಚದ ಹಂತ್ಯಾಕ ಬಿಟ್ಟು ಯಾರು ಏನು ಕಲೀತಾರ ಅಂತ ನೋಡಾಕ ಹತ್ತಿದರು.

ಆ ಹೊತ್ತಿಗೆ ನನ್ನ ಎದಿ ಇನ್ನಷ್ಟು ಕೆಟ್ಟಿತ್ತು. ಗುಳಿಗಿಯಿಂದ ಇನ್ನು ಆಗೂದಿಲ್ಲ, ಆ ಬಾಗಿಲು ತೆರೆಸಬೇಕು ಅಂದರು ದೊಡ್ಡ ಡಾಕ್ಟರು. ಅದನ್ನ ಮಾಡುವವರು ಬೆಂಗಳೂರಿನವರು. ಅವರ ಹಂತ್ಯಾಕ ಕಾಯುವವರ ಸಾಲು ದೊಡ್ಡದು. ಯಾರನ್ನ ಮೊದಲ ಕರೀಬೇಕು ಅಂತ ಅವರು ಟಿವಿಯೊಳಗ ರೋಗೀನ್ನ ನೋಡಿ, ಮಾತಾಡಿಸಿ ಹೇಳತಾರ. ಸ್ಕ್ಯಾನಿಂಗ್‌ನಾಗ ಬಾಗಿಲು ಬಿಗಿ ಆಗಿದ್ದು ಕಾಣತೈತಿ, ಆದರ ನಿನಗ ಎಷ್ಟು ತ್ರಾಸು ಐತಿ ಅನ್ನೂದು ನೀನ ಹೇಳಬೇಕು ಅಂತ ನನಗ ಬಿಡಿಸಿ ಹೇಳಿದರು. ತಡ ಮಾಡಿದರ ಜೀವಕ್ಕ ಬರತೈತಿ ಅಂತನೂ ಹೇಳಿದರು. ಮುಚ್ಚಿ ಹೇಳುವವರಲ್ಲ.

ಆ ದಿನ ನಾನು ಇಳಕಲ್ ಸೀರಿ ಉಟ್ಟೆ. ಮಾರಿಗೆ ಪೌಡರ್ ಬಡಕೊಂಡೆ, ಮೂಗಬಟ್ಟು ತಿಕ್ಕಿ ತೊಳೆದು ಇಟ್ಟುಕೊಂಡೆ. ಸೀರಿ ಅಂಚನ್ನ ಪಾದ ಮುಚ್ಚುವಂಗ ಇಳಿಬಿಟ್ಟೆ, ಯಾಕಂದರ ಕಾಲು ಬಾತಿದ್ದವು. ಮುಂಜಾನೆಯಿಂದ ಆ ಥಂಡಿ ಖೋಲಿಯಾಗ ಕುರ್ಚಿ ಮ್ಯಾಲ ಕುಂಡರಿಸಿದ್ದರು, ದಮ್ಮೆಲ್ಲ ಆರಿ ಹೋಗಿತ್ತು. ಟಿವಿಯೊಳಗ ಮೊದಲ ಹೃದಯದ ಚಿತ್ರ ಬಂತು. ಬಣ್ಣ ಬಣ್ಣದ್ದು, ಕುಣೀತಿತ್ತು. ಎರಡು ಎಲಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಒಳಗ ಕೆಂಪು ಹರಿದು ಹೋಗತಿತ್ತು. ಆಮ್ಯಾಲೆ ಕೆಟ್ಟ ಬಾಗಿಲು ತೋರಿಸಿದರು, ಮೀನಿನ ಬಾಯಿಯಂಗ ಸಣ್ಣದು. ನಾನು ಬಾಯಿ ತೆರೆದು ನೋಡಿದೆ. ಇಷ್ಟು ವರ್ಷ ನನ್ನೊಳಗ ಇದ್ದದ್ದು ಇದ ಏನು ಅಂತ. ದೊಡ್ಡ ಡಾಕ್ಟರು ಎಷ್ಟೋ ಸಲ ಕೈಸನ್ನಿ ಮಾಡಿ ಹೇಳಿದ್ದರು, ಆದರ ಅದು ನನ್ನ ತಲಿಗೆ ಹೋದದ್ದು ಆ ಟಿವಿಯಿಂದ. ಇದ್ದದ್ದನ್ನ ಇದ್ದಂಗ ಹೇಳಬೇಕು.

ನನ್ನ ಎದಿ ಮ್ಯಾಲ ಒಂದು ಮಷೀನಿನ ನಳಗಿ ಇಟ್ಟರು. ಬೀಸುಕಲ್ಲಿನ ಸಪ್ಪಳ ಖೋಲಿ ತುಂಬ ಬಂತು. ಬೆಂಗಳೂರಿನ ಹುಡುಗರು ರೋಗದ ಹೆಸರು ಪಟಾಪಟಾ ಹೇಳಿಬಿಟ್ಟರು. ನಮ್ಮ ಮಂಚದ ಕಡಿ ಹುಡುಗರೊಳಗ ಮುದ್ದೇಬಿಹಾಳ ಕಡಿಯ ಒಬ್ಬಾಕಿ ಸಣಕಲ ಹುಡುಗಿ ಇದ್ದಳು, ಆಕಿಗೆ ಎರಡು ತಿಂಗಳು ನನ್ನ ಎದಿಗೆ ಕಿವಿ ಹಚ್ಚಿದರೂ ಆ ಗರ್ ಅನ್ನೂದು ಕೇಳಿರಲಿಲ್ಲ. ತಲಿ ತಗ್ಗಿಸಿ ನಿಂತಿದ್ದಳು. ಈ ಪಂದ್ಯ ಟಿವಿ ಗೆದ್ದಿತು ಅಂತ ದೊಡ್ಡ ಡಾಕ್ಟರು ಎಲ್ಲರ ಮುಂದ ಒಪ್ಪಿಕೊಂಡರು.

ಆಮ್ಯಾಲೆ ಬೆಂಗಳೂರಿನ ಡಾಕ್ಟರಮ್ಮ ಟಿವಿಯೊಳಗ ಬಂದಳು. ನಡೆದರೆ ಸುಸ್ತಾಗತ್ತಾಮ್ಮ, ಮೆಟ್ಟಲು ಹತ್ತಿದರೆ ನಿಲ್ಲಬೇಕಾ, ಮಲಗಿದರೆ ಉಸಿರು ಕಟ್ಟತ್ತಾ ಅಂತ ಒಂದೊಂದ ಕೇಳಿದಳು. ಪಾಪ, ಸಮಾಧಾನಲೆ ಕೇಳಿದಳು.

"ಏನಿಲ್ಲರಿ. ಆರಾಮ ಅದೇನಿ," ಅಂದೆ.

ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಅದನ್ನ ಹೇಳಿದೆ. ದೊಡ್ಡ ಡಾಕ್ಟರು ನಡುವ ಬಾಯಿ ಹಾಕಿ ಇಂಗ್ಲಿಷಿನಾಗ ಏನೇನೋ ಹೇಳಿದರು. ಆದರ ಟಿವಿಯೊಳಗ ಕಾಣತಿದ್ದಾಕಿ ಇಳಕಲ್ ಸೀರಿ ಉಟ್ಟ, ನಕ್ಕು ಮಾತಾಡುವ, ಸಪ್ಪಳಿಲ್ಲದ ಉಸಿರಾಡುವ ಹೆಣಮಗಳು. ಆರು ತಿಂಗಳು ನೋಡೋಣ ಅಂದಳು ಡಾಕ್ಟರಮ್ಮ. ಟಿವಿ ಆರಿತು.

ಯಾಕ ಹಂಗ ಹೇಳಿದೆ ಅಂದರ, ನನ್ನ ಹಿರಿ ಮಗಳಿಗೆ ದೇವಣಗಾಂವದಿಂದ ಒಂದು ಮನಿ ಬಂದಿತ್ತು. ಚಲೋ ಮಂದಿ. ಮದುವಿ ಮಾತು ಅರ್ಧ ಆಗಿತ್ತು. ಅವ್ವನ ಎದಿ ಕೆಟ್ಟೇತಿ ಅಂದರ ಮಗಳ ಎದಿ ಹ್ಯಾಂಗೋ ಅಂತಾರ. ಟಿವಿಯೊಳಗ ಹೇಳಿದ ಮಾತು ಎಲ್ಲರ ಮನಿ ಟಿವಿಯೊಳಗ ಬರತೈತಿ ಅಂತ ನಾನು ತಿಳಕೊಂಡಿದ್ದೆ. ಬ್ಯಾರೆ ಏನಂತ ತಿಳಕೋಬೇಕು? ಬೆಂಗಳೂರಿಗೆ ಹೋಗುವಂಥದ್ದು ದೇವಣಗಾಂವಕ್ಕ ಹೋಗೂದಿಲ್ಲೇನು? ಸಿಂದಗ್ಯಾಗ ಕೊಟ್ಟ ನನ್ನ ತಂಗಿಗೆ ಮೊದಲ ಹೇಳಿ ಕಳಿಸಿದ್ದೆ, ಅವತ್ತು ಟಿವಿ ಹಚ್ಚಿಕೊಂಡು ಕೂಡು, ನಾ ಬರತೇನಿ ಅಂತ. ಆಕಿ ನಾಕು ಮನಿ ಹೆಣಮಕ್ಕಳನ್ನ ಕೂಡಿಸಿ, ಮಧ್ಯಾಹ್ನದ ಅಡಗಿ ಬಿಟ್ಟು ಟಿವಿ ಮುಂದ ಕೂತಿದ್ದಳಂತ. ಧಾರಾವಾಹಿ ಬಂದು ಹೋಯಿತು, ಅಕ್ಕ ಬರಲಿಲ್ಲ. ನಿಮ್ಮ ಕಡೆ ಕರೆಂಟ್ ಹೋಗಿತ್ತೇನ ಅಂತ ಆಮ್ಯಾಲೆ ಕೇಳಿದಳು. ಅವತ್ತರೇ ನನಗ ತಿಳಿಬೇಕಿತ್ತು. ಬ್ಯಾರೆ ಚಾನಲ್ ನಂಬರಿನಾಗ ಬಂದಿರಬೇಕು ಬಿಡು ಅಂದುಕೊಂಡೆ.

ಮುಂದಿನ ವಾರ ಇಂಡಿ ಪಾಳಿ ದಿನ ವ್ಯಾನು ದವಾಖಾನಿ ಮುಂದ ನಿಲ್ಲದ ನೆಟ್ಟಗ ಹೊರ್ತಿಗೆ ಬಂತು. ನಾನು ನಳದಿಂದ ಕೊಡ ತರತಿದ್ದೆ. ನಮ್ಮ ಕಟ್ಟಿ ಮ್ಯಾಲ ದೊಡ್ಡ ಡಾಕ್ಟರು ಕೂತಿದ್ದರು, ಜೋಡಿ ಆ ಸಣಕಲ ಹುಡುಗಿ. ಕೊಡ ಇಳಿಸಿ, ಗ್ವಾಡಿ ಹಿಡಿದು ನಿಂತೆ. ಬರ್ರಿ ಅನ್ನಾಕೂ ಉಸಿರು ಇರಲಿಲ್ಲ. ಅವರು ಎದ್ದು ಬರಲಿಲ್ಲ. ನನಗ ಮಾತು ಬರುವ ತನಕ ಸುಮ್ಮನ ನೋಡತಾ ಕೂತರು. ಆಮ್ಯಾಲೆ ಅಂದರು:

"ನಾ ನಿನ್ನ ನೋಡಾಕ ಬಂದಿಲ್ಲ. ಟಿವಿಯೊಳಗ ಒಬ್ಬಾಕಿ ಬಂದಿದ್ದಳಲ್ಲ, ಭಾಳ ಆರಾಮ ಇದ್ದಳು. ಆಕೀನ ಕರಿ ಹೊರಗ."

"ಆಕಿ ತವರ ಮನಿಗೆ ಹೋಗ್ಯಾಳರಿ," ಅಂದೆ.

ನಮ್ಮ ಮನಿಯವರು ನಿಂಬಿ ಶರಬತ್ ಮಾಡಿಸಿದರು. ಹುಡುಗಿ ನೀರು ಕುಡಿಯಾಕ ಅಂತ ಒಳಗ ಬಂದಳು, ನನ್ನ ಹಿಂದ ಅಡಗಿ ಮನಿ ತನಕ. ಹೋಗುವಾಗ ನಡುಮನಿಯಾಗ ನಿಂತಳು. ಅಲ್ಲಿ ಜ್ವಾಳದ ಚೀಲ ಒಟ್ಟಿದ್ದವು, ಚೀಲಕ್ಕ ಒರಗಿಸಿ ನನ್ನ ಕೌದಿ ಇತ್ತು. ನೆಲದ ಮ್ಯಾಲ ಹಾಸಿದ್ದಲ್ಲ, ಚೀಲದ ಮ್ಯಾಲ ಇಳಿಜಾರಾಗಿ ಹಾಕಿದ್ದು.

"ಇಲ್ಲಿ ಯಾರ ಮಲಗತಾರ್ರಿ ಅಕ್ಕಾರ?" ಅಂದಳು.

"ನಾನ."

"ಕೂತ ಮಲಗತೀರೇನು?"

"ಇಲಿ ಕಾಟವಾ. ಚೀಲ ಕಡೀತಾವ, ಕಾಯತೇನಿ."

ಹುಡುಗಿ ಕೌದಿ ನೋಡಿದಳು. ಅದರ ಮ್ಯಾಲ ನಮ್ಮ ಬೆಕ್ಕು ತನ್ನ ಎರಡು ಮರಿ ಕಟಗೊಂಡು ಮಲಗಿತ್ತು. ನೆಟ್ಟಗ ಹೊರಗ ಹೋದಳು. ಕೇಳಬೇಕಾದ ಸಪ್ಪಳ ಆಕಿಗೆ ಕೇಳಿರಲಿಲ್ಲ ಖರೆ. ಆದರ ಆ ಚೀಲದ ಮುಂದ ಆ ಖೋಲಿಯ ಟಿವಿ ಬಂದು ನಿಂತಿರಲಿಲ್ಲ, ಆಕಿ ಬಂದು ನಿಂತಿದ್ದಳು.

ಆಕಿ ಹೊರಗ ಏನು ಹೇಳಿದಳೋ, ದೊಡ್ಡ ಡಾಕ್ಟರು ನಮ್ಮ ಮನಿಯವರನ್ನ ತೋಟ ತೋರಿಸು ಅಂತ ಹುಡುಗಿ ಜೋಡಿ ಕಳಿಸಿದರು. ನಾವಿಬ್ಬರ ಉಳಿದೆವು. ಯಾವಾಗಿನಿಂದ ಮಲಗಾಕ ಆಗವಲ್ಲದು ಅಂದರು. ಹೋದ ದೀಪಾವಳಿಯಿಂದ ಅಂದೆ. ಅಡ್ಡಾದರ ಎದಿ ಮ್ಯಾಲ ಯಾರೋ ಕೂತಂಗ ಆಗತೈತಿ, ಎದ್ದು ಕೂತರ ಇಳೀತಾರ. ಮನಿಯಾಗ ಯಾರಿಗೆ ಗೊತ್ತು ಅಂದರು. ಬೆಕ್ಕಿಗೆ ಗೊತ್ತು ಅಂದೆ. ಆಮ್ಯಾಲೆ ದೇವಣಗಾಂವದ ಸುದ್ದಿ ಹೇಳಿದೆ, ಟಿವಿ ಸುದ್ದೀನೂ ಹೇಳಿದೆ.

ಬ್ಯಾರೆ ಯಾರರೇ ಆಗಿದ್ದರ ನಗತಿದ್ದರು. ಅವರ ಕಣ್ಣು ದೊಡ್ಡವಾದವು. ನಮಗ ಯಾರಿಗೂ ಇದು ಹೊಳೀಲಿಲ್ಲ ನೋಡು ಅಂದರು. ಹಂಗಾದರ ಮುದ್ದೇಬಿಹಾಳದಾಗ, ಬಾಗೇವಾಡ್ಯಾಗ ಆ ಕ್ಯಾಮೆರಾ ಮುಂದ ಕೂತ ಮಂದೀನೂ ಹಿಂಗ ತಿಳಕೊಂಡಿರಬೇಕು ಅಂದರು. ಟಿವಿ ಅಂದ ಮ್ಯಾಲೆ ಟಿವಿನ ಅಲ್ಲೇನ್ರಿ ಅಂದೆ. ಇದು ಫೋನ್ ಇದ್ದಂಗ, ಆ ಖೋಲಿಗೂ ಈ ಖೋಲಿಗೂ ಅಷ್ಟ ಅಂತ ತಿಳಿಸಿ ಹೇಳಿದರು. ನಾನು ನಂಬಲಿಲ್ಲ. ಡಾಕ್ಟರಿಗೆ ಎದಿ ಗೊತ್ತು, ಟಿವಿ ಏನು ಗೊತ್ತು?

"ಬಘೂ," ಅಂದರು. "ನೀನ ಪರೀಕ್ಷಾ ಮಾಡು."

ಮುಂದಿನ ಸಲ ಇಂಡಿಗೆ ಹೋದಾಗ ನನ್ನನ್ನ ಆ ಹುಡುಗಿ ಜೋಡಿ ದವಾಖಾನಿ ಎದುರಿನ ಚಾದಂಗಡಿಗೆ ಕಳಿಸಿದರು. ಅಲ್ಲಿ ಮ್ಯಾಲ ಒಂದು ಟಿವಿ ಹಚ್ಚಿತ್ತು, ಕ್ರಿಕೆಟ್ ನಡದಿತ್ತು. ಇವರು ಅಲ್ಲಿ ಕ್ಯಾಮೆರಾ ಮುಂದ ನಿಂತು ಬೆಂಗಳೂರಿನವರ ಜೋಡಿ ಮಾತಾಡತಾರ, ನಾವು ಇಲ್ಲಿ ಕೂತು ಅವರು ಬರತಾರೇನು ನೋಡಬೇಕು. ಗಂಡಸರ ಚಾದಂಗಡಿ. ತಲಿ ಮ್ಯಾಲ ಸೆರಗು ಹೊತ್ತ ನಾನು ಮುಂದಿನ ಬಾಕಿನ ಮ್ಯಾಲ ಕೂತು ಕಣ್ಣು ಪಿಳುಕಿಸದ ಟಿವಿ ನೋಡತಿದ್ದರ ಅಂಗಡಿಯವನಿಗೆ ತಡಿಯಲಿಲ್ಲ. ಅವ್ವಾರ, ಯಾರ ಗೆಲ್ಲಬೇಕರಿ ಅಂದ. ನಮ್ಮ ಡಾಕ್ಟರು ಆಡಾಕ ಬಂದರ ಹೇಳು ಅಂದೆ. ಹುಡುಗಿ ಚಾ ಉಗುಳಿಕೊಂಡಳು. ಚಾನಲ್ ಬದಲು ಮಾಡಿಸಿದೆ, ಇದ್ದವೆಲ್ಲ ತಿರುವಿಸಿದೆ. ಗಿರಾಕಿ ಬೈದರು. ಎಲ್ಲಿಯೂ ದೊಡ್ಡ ಡಾಕ್ಟರು ಇರಲಿಲ್ಲ. ತಿರುಗಿ ಬಂದು ನೋಡಿದರ ಅವರು ಟಿವಿ ಖೋಲಿಯಾಗ ಇನ್ನೂ ಬೆಂಗಳೂರಿನವರ ಮುಂದ ಮಾತಾಡಾಕತ್ತಿದ್ದರು. ಅವಾಗ ನಂಬಿದೆ.

ಎರಡನೇ ಸಲ ಕ್ಯಾಮೆರಾ ಮುಂದ ಕೂತಾಗ ತೋಟಕ್ಕ ಉಡುವ ಸೀರಿ ಉಟ್ಟಿದ್ದೆ. ಮೊದಲ ನನ್ನನ್ನ ದವಾಖಾನಿ ಮೆಟ್ಟಲ ಹತ್ತಿಸಿ ಇಳಿಸಿ ತಂದಿದ್ದರು. ಪಾದ ಕ್ಯಾಮೆರಾಕ್ಕ ತೋರಿಸು ಅಂದರು, ತೋರಿಸಿದೆ. ನನ್ನ ಪಕ್ಕದಾಗ ಆ ಹುಡುಗಿ ನಿಂತಿದ್ದಳು. ಖೋಲಿ ಬಾಗಿಲದಾಗ ನಮ್ಮ ಮನಿಯವರು ಟೊಪಗಿ ಕೈಯಾಗ ಹಿಡಕೊಂಡು ನಿಂತಿದ್ದರು. ಡಾಕ್ಟರಮ್ಮ ಮತ್ತ ಅದ ಸಮಾಧಾನಲೆ ಕೇಳಿದಳು, ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಮ್ಮ ಅಂತ.

"ದಿಂಬ ಅಲ್ಲರಿ. ಜ್ವಾಳದ ಚೀಲ," ಅಂದೆ. "ನಾ ಅಡ್ಡಾಗಿ ಮಲಗಿ ವರ್ಷ ಆಗಾಕ ಬಂತರಿ. ಕೂತ ಮಲಗತೇನಿ. ಕೊಡ ತಂದರ ಗ್ವಾಡಿ ಹಿಡೀತೇನಿ. ಕೆಮ್ಮಿದರ ಒಮ್ಮೊಮ್ಮೆ ರಕ್ತ ಬೀಳತೈತ್ರಿ."

ರಕ್ತದ ಮಾತು ದೊಡ್ಡ ಡಾಕ್ಟರಿಗೂ ಹೇಳಿರಲಿಲ್ಲ. ಬಾಗಿಲ ಕಡಿಂದ ನಮ್ಮ ಮನಿಯವರ ದನಿ ಬಂತು.

"ಇಲಿ ಕಾಯತೇನಿ ಅಂದಿದ್ದಿಯಲ್ಲ."

"ಇಲಿ ಇರಲಿಲ್ಲ," ಅಂದೆ.

ಅವರು ಹೊರಗ ಹೋಗಿ ವ್ಯಾನಿನ ಹಂತ್ಯಾಕ ನಿಂತರು. ಡ್ರೈವರ್ ಅವರಿಗೆ ಬೀಡಿ ಕೊಟ್ಟನಂತ. ಹದಿನೆಂಟು ವರ್ಷದ ಹಿಂದ ಬಿಟ್ಟ ಬೀಡಿ ಅವತ್ತು ಸೇದಿದರು.

ಆ ತಿಂಗಳ ಒಳಗ ಬೆಂಗಳೂರಿಗೆ ಕರೆಸಿಕೊಂಡರು. ಎದಿ ಕೊಯ್ಯಲಿಲ್ಲ. ತೊಡಿ ಸಂದಿಯ ನರದಾಗಿಂದ ತೆಳ್ಳನ ನಳಗಿ ಬಿಟ್ಟು, ಅದರ ತುದಿಯ ಸಣ್ಣ ಬಲೂನು ಬಾಗಿಲದಾಗ ಉಬ್ಬಿಸಿ ತೆರೆದರು. ನಾನು ಎಚ್ಚರ ಇದ್ದೆ, ಬಾಜೂಕ ಟಿವಿಯೊಳಗ ನೋಡತಿದ್ದೆ. ಅವತ್ತು ಅಡ್ಡಾಗಿ ಮಲಗಿದೆ. ನರ್ಸ್ ಊಟಕ್ಕ ಎಬ್ಬಿಸಿದರ ಬೈದೆ.

ದೇವಣಗಾಂವದವರಿಗೆ ಆಮ್ಯಾಲೆ ನಾನ ಹೇಳಿದೆ. ಬೀಗತಿ ಆಗುವಾಕಿಗೆ ಸಿಟ್ಟು ಬಂತು, ಆದರ ರೋಗಕ್ಕಲ್ಲ. ಮೊದಲ ಹೇಳಿದ್ದರ ನಿನ್ನ ಜೋಡಿ ದವಾಖಾನ್ಯಾಗ ನಾನರೇ ಕುಂಡರತಿದ್ದೆ, ಒಬ್ಬಾಕಿ ಹೋಗಿ ಬಂದಿಯೇನು ಅಂದಳು. ಮದುವಿ ಆಯಿತು.

ದೊಡ್ಡ ಡಾಕ್ಟರು ಟಿವಿ ಪಾಠ ಬಿಡಲಿಲ್ಲ, ಮಂಚದ ಪಾಠನೂ ಬಿಡಲಿಲ್ಲ. ಒಂದು ಕಟ್ಟಳೆ ಮಾಡಿದರು. ಯಾವ ರೋಗೀನ್ನ ಕ್ಯಾಮೆರಾ ಮುಂದ ಕುಂಡರಿಸಬೇಕೋ, ಅವರ ಮನಿಗೆ ಮೊದಲ ಒಬ್ಬ ಹುಡುಗನೋ ಹುಡುಗಿನೋ ಹೋಗಿ ಬರಬೇಕು. ಎಲ್ಲಿ ಮಲಗತಾರ, ಏನು ಹೊರತಾರ, ಯಾರಿಗೆ ಹೆದರತಾರ ನೋಡಬೇಕು. ಕ್ಯಾಮೆರಾ ಮುಂದ ರೋಗಿ ಜೋಡಿ ಅವರ ನಿಲ್ಲಬೇಕು. ಕಾಲೇಜಿನವರು ವ್ಯಾನು ಕಡಿಮಿ ಮಾಡೋಣು ಅಂದಾಗ ಇದೊಂದು ಕಾರಣದ ಮ್ಯಾಲ ಅವರು ವ್ಯಾನು ಉಳಿಸಿಕೊಂಡರು. ಒಮ್ಮೆ ನನ್ನ ಮುಂದ ಅಂದಿದ್ದರು: "ಟಿವಿ ಸುಳ್ಳ ಹೇಳಲಿಲ್ಲವಾ. ನೀ ಏನ್ ತೋರಿಸಿದಿ ಅದನ್ನ ತೋರಿಸಿತು. ನನ್ನ ಮಂಚನೂ ಅಷ್ಟ. ಮಂಚದ ಮ್ಯಾಲೂ ಮಂದಿ ಸೀರಿ ಎಳಕೊಂಡ ಕುಂಡರತಾರ."

ಎರಡು ವರ್ಷದ ಮ್ಯಾಲೆ ಒಂದು ಸೋಮವಾರ ವ್ಯಾನು ಬಂತು, ಅವರು ಬರಲಿಲ್ಲ. ಮುಂದಿನ ವಾರ ತೀರಿಕೊಂಡ ಸುದ್ದಿ ಬಂತು. ಹೊಟ್ಟಿಯೊಳಗ ಗಡ್ಡಿ ಆಗಿತ್ತಂತ, ಭಾಳ ದಿನದ್ದು.

ಅವರ ಮನಿಗೆ ಮಾತಾಡಿಸಾಕ ಹೋದೆ. ಅವರ ಹೆಂಡತಿ ಕೂತಿದ್ದರು. ವರ್ಷದಿಂದ ಊಟ ಸೇರತಿರಲಿಲ್ಲ, ಕೇಳಿದರ ಊರೂರು ತಿರುಗಿ ಹೊರಗ ತಿಂದು ಬರತೇನಿ ಅಂತಿದ್ದರು ಅಂತ ಹೇಳಿದರು. ತಾವ ಮುಟ್ಟಿ ನೋಡಿಕೊಂಡು, ತಾವ ತಿಳಕೊಂಡು, ಯಾರಿಗೂ ಹೇಳಿರಲಿಲ್ಲ. ಮಂದಿ ಅಳತಿದ್ದರು. ನನಗ ಅಳು ಬರಲಿಲ್ಲ, ಸಿಟ್ಟು ಬಂತು. ಇಡೀ ನಾಡಿನ ಮಂದಿ ಬಾಯಿ ಬಿಡಿಸಿದ ಮನುಷ್ಯ. ಯಾಕ ಹಂಗ ಮಾಡಿದರು ಅಂತ ನನಗ ಇವತ್ತಿಗೂ ತಿಳಿದಿಲ್ಲ. ಹೆದರಿದರೋ, ಪಾಠ ನಿಂತೀತು ಅಂದರೋ, ತಮ್ಮ ರೋಗ ನೋಡುವಷ್ಟು ದೊಡ್ಡದಲ್ಲ ಅಂದುಕೊಂಡರೋ. ಕೇಳೋಣಂದರ ಇಲ್ಲ.

ಹೊರಗ ಅಂಗಳದಾಗ ಆ ಸಣಕಲ ಹುಡುಗಿ ಗ್ವಾಡಿಗೆ ಆತು ನಿಂತಿದ್ದಳು. ಅಷ್ಟೊತ್ತಿಗೆ ಡಾಕ್ಟರ್ ಆಗಿದ್ದಳು.

"ದಿನಾ ನಮ್ಮ ಮುಂದ ನಿಲ್ಲತಿದ್ದರ್ರಿ ಅಕ್ಕಾರ," ಅಂದಳು. "ಅಂಗಿ ದೊಗಳ ಆಗಿತ್ತು. ಬೆಲ್ಟಿಗೆ ಹೊಸಾ ತೂತ ಹಾಕಿಸಿದ್ದರು. ಅದನ್ನ ನೋಡಿ ನಾವು ನಕ್ಕಿದ್ದೆವು. ಒಬ್ಬರೂ ಕೇಳಲಿಲ್ಲ."

"ಅವರು ನಿಮಗ ರೋಗೀನ್ನ ನೋಡಾಕ ಕಲಿಸಿದ್ದರು," ಅಂದೆ. "ಮಾಸ್ತರನ್ನ ನೋಡಾಕ ಯಾರ ಕಲಿಸತಾರ?"

ಆಕಿಗೆ ಅದರಿಂದ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

ಈಗಲೂ ಕಾಲೇಜಿನವರು ಕರೆದರ ಹೋಗತೇನಿ. ಮಂಚದ ಮ್ಯಾಲ ಕೂಡು ಅಂದರ ಕೂಡತೇನಿ, ಕ್ಯಾಮೆರಾ ಮುಂದ ಕೂಡು ಅಂದರ ಅಲ್ಲಿ ಕೂಡತೇನಿ, ಕೇಳಿದ್ದೆಲ್ಲ ಹೇಳತೇನಿ. ಆ ಮನುಷ್ಯಾಗ ನಾನು ಕೊಡಬೇಕಾದದ್ದು ಇಷ್ಟರಾಗ ತೀರೂದಿಲ್ಲ ಅಂತ ಗೊತ್ತೈತಿ. ಅದಕ್ಕ ಪಾಠ ಮುಗಿದ ಮ್ಯಾಲೆ, ಅಲ್ಲಿ ನಿಂತು ಪಾಠ ಹೇಳಿದ ಡಾಕ್ಟರನ್ನ ನಾನು ಕೇಳತೇನಿ: ನೀವು ಹ್ಯಾಂಗದೀರಿ? ಊಟ ಸೇರತೈತೋ ಇಲ್ಲೋ? ಮೈ ಯಾಕ ಇಳದೈತಿ? ಹುಡುಗರ ಮುಂದ ಅವರಿಗೆ ಮುಜುಗರ ಆಗತೈತಿ. ಆರಾಮ ಅದೇನಿ ಅಂತಾರ, ನಗತಾರ. ನಗಲಿ. ಖರೆ ಹೇಳುವ ತನಕ ನಾನು ಕುರ್ಚಿ ಬಿಟ್ಟು ಏಳೂದಿಲ್ಲ.